ಎಡಕ್ಕೆ ನಿಂತ ತಾರೀಖುಗಳು

ಎಕ್ಸೆಲ್ ಹಾಳೆಯನ್ನು ತೆರೆದೊಡನೆ ಅಂಕಿಗಳಿರಬೇಕಾದ ಚೌಕಗಳ ತುಂಬ ಸಾಲುಸಾಲಾಗಿ ಹ್ಯಾಶ್ ಗುರುತುಗಳು ಕಂಡರೆ ಜನ ಹೆದರುತ್ತಾರೆ. ಈ ತಂತ್ರಾಂಶದ ಬಗ್ಗೆ ನಮಗೆ ಬರುವ ದೂರುಗಳಲ್ಲಿ ಇದರದೇ ಮೇಲುಗೈ. ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ದೂರವಾಣಿ ಬರುತ್ತದೆ: “ಸಂಘದ ಲೆಕ್ಕವೆಲ್ಲ ಹಾಳಾಗಿಬಿಟ್ಟಿದೆ, ಅಂಕಿಗಳೇ ಕಾಣುತ್ತಿಲ್ಲ.” ನಾವು ಗಾಬರಿಯಾಗುವುದಿಲ್ಲ. ಆ ಕಾಲಮ್ಮಿನ ನೆತ್ತಿಯ ಬಲ ಅಂಚಿನ ಮೇಲೆ ಎರಡು ಬಾರಿ ಒತ್ತಿ ಎನ್ನುತ್ತೇವೆ. ಕಾಲಮ್ಮು ಅಗಲವಾಗುತ್ತದೆ, ಅಂಕಿಗಳು ಏನೂ ನಡೆದೇ ಇಲ್ಲವೆಂಬಂತೆ ಹೊರಬರುತ್ತವೆ. ಜಾಗ ಕಿರಿದಾಗಿತ್ತು, ಅಷ್ಟೆ. ಅಂಕಿಯನ್ನು ಅರ್ಧ ಕತ್ತರಿಸಿ ತೋರಿಸಿದರೆ ಓದುವವನು ಹತ್ತು ಲಕ್ಷವನ್ನು ಒಂದು ಲಕ್ಷವೆಂದು ತಿಳಿದಾನು, ಅದಕ್ಕಿಂತ ತೋರಿಸದೆ ಇರುವುದೇ ಮೇಲು ಎಂದು ಅದನ್ನು ರಚಿಸಿದವರು ಯೋಚಿಸಿದ್ದಾರೆ. ನಮಗೆ ಅದರಲ್ಲಿ ಒಂದು ಬಗೆಯ ಸಭ್ಯತೆಯೇ ಕಾಣುತ್ತದೆ.

ನಾವು ಎಂದರೆ ಹೈದರಾಬಾದಿನ ಕೇಂದ್ರ ಸರಕಾರಿ ಕಚೇರಿಯೊಂದರ ಒಂದು ಶಾಖೆಯ ಮೂವರು. ನಮ್ಮಲ್ಲಿ ವಾಣಿಜ್ಯಶಾಸ್ತ್ರ ಓದಿದವರು ಯಾರೂ ಇಲ್ಲ. ಒಬ್ಬರು ಸಸ್ಯಶಾಸ್ತ್ರದವರು, ಒಬ್ಬರು ರಾಜ್ಯಶಾಸ್ತ್ರದವರು, ಈ ಸಾಲುಗಳನ್ನು ಬರೆಯುತ್ತಿರುವ ಕೈ ಇಂಗ್ಲಿಷ್ ಎಂ.ಎ. ಮುಗಿಸಿ ಬಂದದ್ದು. ಮನೆಮಾತುಗಳು ತೆಲುಗು, ಒಡಿಯಾ, ಕನ್ನಡ. ನೌಕರರ ಸೇವಾ ದಾಖಲೆ, ನಿವೃತ್ತಿ, ಪಿಂಚಣಿಯ ಕಾಗದಗಳು ನಮ್ಮ ಪಾಲಿನ ಕೆಲಸ. ಸರಕಾರಿ ಕಚೇರಿಯೆಂದರೆ ಕೆಂಪು ಪಟ್ಟಿ ಕಟ್ಟಿದ ಕಡತ ಎಂಬ ಚಿತ್ರವೇ ಹೊರಗಿನವರ ಮನಸ್ಸಿನಲ್ಲಿ ಇನ್ನೂ ಉಳಿದಿದೆ. ಕಡತಗಳು ಕಂಪ್ಯೂಟರಿನೊಳಗೆ ಹೋಗಿ ಕೆಲವು ವರ್ಷಗಳಾದವು. ಈಗ ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡುವುದೆಲ್ಲ ಹಾಳೆಗಳೇ. ‘ಲಗತ್ತಿಸಿದ ನಮೂನೆಯಲ್ಲಿ ಇಂದು ಸಂಜೆಯೊಳಗೆ ಮಾಹಿತಿ ಕಳುಹಿಸತಕ್ಕದ್ದು’ ಎಂಬ ಒಕ್ಕಣೆಯೊಂದಿಗೆ ಬರುವ ಆ ನಮೂನೆಗಳನ್ನು ತುಂಬಿಸುತ್ತ, ತಿದ್ದುತ್ತ, ಮುರಿದವನ್ನು ಜೋಡಿಸುತ್ತ ನಾವು ವೈದ್ಯರಂತಾಗಿದ್ದೇವೆ. ಊರಿನ ಕನ್ನಡ ಕೂಟದವರಿಗೆ ಈ ಸಂಗತಿ ತಿಳಿದ ಮೇಲೆ ಭಾನುವಾರಗಳೂ ಹೋದವು.

ಎಂ.ಎ. ತರಗತಿಯಲ್ಲಿ ಷೇಕ್ಸ್‌ಪಿಯರನ ನಾಟಕಗಳಲ್ಲಿ ತೋರಿಕೆ ಮತ್ತು ವಾಸ್ತವ ಎಂಬ ಪ್ರಶ್ನೆಗೆ ಉತ್ತರವನ್ನು ಬಾಯಿಪಾಠ ಮಾಡಿದ್ದುಂಟು. ಅದು ಈ ರೀತಿಯಲ್ಲಿ ಉಪಯೋಗಕ್ಕೆ ಬಂದೀತೆಂದು ಆಗ ತಿಳಿದಿರಲಿಲ್ಲ. ಎಕ್ಸೆಲ್ಲಿನ ಪ್ರತಿಯೊಂದು ಚೌಕದಲ್ಲಿಯೂ ಎರಡು ವಸ್ತುಗಳಿರುತ್ತವೆ. ಒಂದು ಒಳಗೆ ಶೇಖರವಾದ ಬೆಲೆ, ಇನ್ನೊಂದು ಅದಕ್ಕೆ ತೊಡಿಸಿದ ವೇಷ. ಫಾರ್ಮ್ಯಾಟ್ ಎನ್ನುವುದು ಈ ವೇಷಕ್ಕೆ. ಒಳಗೆ 2.4 ಇರುವ ಚೌಕಕ್ಕೆ ದಶಮಾಂಶ ಬೇಡವೆಂಬ ವೇಷ ಹಾಕಿದರೆ 2 ಎಂದು ಕಾಣುತ್ತದೆ. ಅಂಥ ಎರಡನ್ನು ಕೂಡಿಸಿ ಮೊತ್ತಕ್ಕೂ ಅದೇ ವೇಷ ಹಾಕಿ. ಎರಡೂ ಎರಡೂ ಸೇರಿ ಐದು ಎಂದು ಹಾಳೆ ಹೇಳುತ್ತದೆ. ಲೆಕ್ಕ ತಪ್ಪಿಲ್ಲ, 4.8 ಐದಾಗಿ ಕಾಣುತ್ತಿದೆ. ಆದರೆ ಲೆಕ್ಕಪರಿಶೋಧಕರ ಮುಂದೆ ನಿಂತಾಗ ಈ ತತ್ತ್ವವನ್ನು ವಿವರಿಸುವುದು ಸುಲಭವಲ್ಲ.

ತಾರೀಖುಗಳ ಕಥೆ ಇನ್ನೂ ವಿಚಿತ್ರ. ಎಕ್ಸೆಲ್ಲಿಗೆ ತಾರೀಖು ಎಂಬ ವಸ್ತುವೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ದಿನಗಳ ಎಣಿಕೆ. 1900ರ ಜನವರಿ 1ನ್ನು ಒಂದು ಎಂದು ಹಿಡಿದು ಅಲ್ಲಿಂದ ದಿನ ಎಣಿಸಿಕೊಂಡು ಬರುತ್ತದೆ. ನಮಗೆ ಕಾಣುವ ದಿನ, ತಿಂಗಳು, ವರ್ಷ ಎಲ್ಲವೂ ಆ ಸಂಖ್ಯೆಗೆ ತೊಡಿಸಿದ ವೇಷ. ಆ ಎಣಿಕೆಯಲ್ಲಿಯೂ ಒಂದು ಹಳೆಯ ಕಲೆ ಇದೆ. 1900 ಅಧಿಕ ವರ್ಷವಲ್ಲದಿದ್ದರೂ ಆ ವರ್ಷಕ್ಕೆ ಫೆಬ್ರುವರಿ 29 ಇತ್ತೆಂದು ಎಕ್ಸೆಲ್ ನಂಬಿದೆ. ಅದಕ್ಕಿಂತ ಮೊದಲು ಬಳಕೆಯಲ್ಲಿದ್ದ ಲೋಟಸ್ 1-2-3 ಎಂಬ ತಂತ್ರಾಂಶದ ಹಾಳೆಗಳಿಗೆ ಹೊಂದಿಕೊಳ್ಳಲೆಂದು ಆ ಇಲ್ಲದ ದಿನವನ್ನು ತಿಳಿದೇ ಉಳಿಸಿಕೊಂಡಿದ್ದಾರೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರಿನ ಕಡೆಗೆ ಹೋದವು. ರಾಜಧಾನಿಯಲ್ಲಿ ಕೆಲಸಕ್ಕಿದ್ದ ಕನ್ನಡಿಗರು ಒಂದೇ ರಾತ್ರಿಯಲ್ಲಿ ಹೊರನಾಡಿನವರಾದರು. ಎಕ್ಸೆಲ್ಲಿನ ಪಾಲಿಗೆ ಆ ದಿನದ ಹೆಸರು 20760. ಯಾವುದೋ ಹಾಳೆಯಲ್ಲಿ ತಾರೀಖು ಇರಬೇಕಾದಲ್ಲಿ ಇಂಥ ಐದಂಕಿಯ ಸಂಖ್ಯೆ ಕಂಡರೆ ಓದುಗರು ಹೆದರಬೇಕಾಗಿಲ್ಲ. ವೇಷ ಕಳಚಿದೆ, ಒಳಗಿನದು ಕ್ಷೇಮವಾಗಿದೆ.

ವೇಷವೇ ಸರ್ವಸ್ವವಾಗಿದ್ದ ಒಂದು ಉದಾಹರಣೆಯೂ ನಮ್ಮ ಅನುಭವದಲ್ಲಿ ಇದೆ. ಕನ್ನಡ ಕೂಟದ ಸದಸ್ಯರ ಪಟ್ಟಿಯನ್ನು ಇಪ್ಪತ್ತು ವರ್ಷಗಳಷ್ಟು ಹಿಂದೆ ಯಾರೋ ಪುಣ್ಯಾತ್ಮರು ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದರು. ಯುನಿಕೋಡ್ ಇನ್ನೂ ಮನೆಮನೆಗೆ ಬಂದಿರದ ಕಾಲ. ಹೊಸ ಕಂಪ್ಯೂಟರಿನಲ್ಲಿ ಅದನ್ನು ತೆರೆದಾಗ ಹೆಸರುಗಳ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳೂ ಬ್ರಿಟಿಷ್ ಪೌಂಡಿನ ಚಿಹ್ನೆಗಳೂ ಕಾಣಿಸಿದವು. ವೈರಸ್ ಹೊಕ್ಕಿದೆಯೆಂದು ಕಾರ್ಯದರ್ಶಿಗಳು ಕಡತವನ್ನು ಅಳಿಸುವುದರಲ್ಲಿದ್ದರು. ಅದು ವೈರಸ್ ಆಗಿರಲಿಲ್ಲ. ಆ ಕಾಲದ ಶೈಲಿಗಳಲ್ಲಿ ಒಳಗೆ ಶೇಖರವಾಗುತ್ತಿದ್ದುದು ರೋಮನ್ ಲಿಪಿಯ ಸಂಕೇತಗಳೇ. ಅವುಗಳಿಗೆ ಕನ್ನಡದ ಆಕಾರ ಕೊಡುತ್ತಿದ್ದುದು ಅಕ್ಷರಶೈಲಿ ಮಾತ್ರ. ‘ನ’ ಅಕ್ಷರಕ್ಕೆ ಸಿಕ್ಕಿದ್ದು ಪೌಂಡಿನ ಮನೆ. ಹೀಗಾಗಿ ಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಎಂಬ ಪದದ ಹೊಟ್ಟೆಯಲ್ಲೇ ಪೌಂಡು ಬಂದು ಕೂರುತ್ತದೆ. ಶೈಲಿಯನ್ನು ಮತ್ತೆ ಹಾಕಿದೊಡನೆ ಹೆಸರುಗಳು ಕನ್ನಡದಲ್ಲಿ ಎದ್ದು ನಿಂತವು. ಅವುಗಳಲ್ಲಿ ಹಲವರು ಈಗ ಇಲ್ಲ. ಯುಗಾದಿಯ ಊಟದ ಉಸ್ತುವಾರಿ ಹೊರುತ್ತಿದ್ದವರು, ನಾಟಕಕ್ಕೆ ಪರದೆ ಹೊಲಿಸುತ್ತಿದ್ದವರು, ಒಬ್ಬೊಬ್ಬರನ್ನೇ ಓದುತ್ತ ನಾವು ಸ್ವಲ್ಪ ಹೊತ್ತು ಕೆಲಸ ಮರೆತೆವು. ಅನಂತರ ಪಟ್ಟಿಯನ್ನು ಯುನಿಕೋಡಿಗೆ ಬದಲಾಯಿಸಿದೆವು. ಬದಲಾಯಿಸುವ ತಂತ್ರಾಂಶಕ್ಕೆ ಯಾವುದು ವೇಷದ ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂಬುದು ತಿಳಿಯದು. ಇಮೇಲ್ ವಿಳಾಸಗಳೂ ಕನ್ನಡವಾದವು. ಯಾವ ನಾಲಗೆಯೂ ಉಚ್ಚರಿಸಲಾರದ ಕನ್ನಡ! ಅರ್ಕಾವತ್ತು ತಪ್ಪಿದ ಕಡೆಗಳನ್ನು ಕೈಯಿಂದಲೇ ತಿದ್ದಬೇಕಾಯಿತು.

ಅದೇ ಕೂಟಕ್ಕೆ ಸಾಹಿತಿಗಳ ಜನ್ಮದಿನಗಳ ಪಟ್ಟಿಯೊಂದನ್ನು ಮಾಡಿಕೊಟ್ಟಾಗ ಇನ್ನೊಂದು ತಮಾಷೆ ನಡೆಯಿತು. ವಯಸ್ಸಿನ ಕ್ರಮದಲ್ಲಿ ಜೋಡಿಸು ಎಂದರೆ ಕಾರಂತರೂ ಕುವೆಂಪು ಅವರೂ ಮೇಲೆ ಹೋಗಿ ಕುಳಿತರು; ಅವರ ಕೆಳಗೆ ಮಾಸ್ತಿ, ಡಿ.ವಿ.ಜಿ., ಕೊನೆಯಲ್ಲಿ ಬೇಂದ್ರೆ. ಕೂಟದ ಹಿರಿಯರೊಬ್ಬರು ಇದನ್ನು ಅಪಚಾರವೆಂದೇ ಭಾವಿಸಿದರು. ಕಾರಣ ಸರಳ. ಕಾರಂತರು 1902ರಲ್ಲಿ, ಕುವೆಂಪು 1904ರಲ್ಲಿ ಹುಟ್ಟಿದವರು. ಅವರ ತಾರೀಖುಗಳಿಗೆ ಸಂಖ್ಯೆಯುಂಟು. ಡಿ.ವಿ.ಜಿ. 1887, ಮಾಸ್ತಿ 1891, ಬೇಂದ್ರೆ 1896. 1900ಕ್ಕಿಂತ ಹಿಂದಿನ ದಿನಗಳನ್ನು ಎಕ್ಸೆಲ್ ಎಣಿಸಲಾರದು. ಎಣಿಸಲಾರದ್ದನ್ನು ಅದು ಬರಿಯ ಬರಹವೆಂದು ಪಕ್ಕಕ್ಕೆ ಇಡುತ್ತದೆ. ಸಂಖ್ಯೆಗಳು ಮೊದಲು, ಬರಹ ಆಮೇಲೆ ಎಂಬುದು ಅದರ ಪಂಕ್ತಿಯ ನಿಯಮ. ಬರಹಗಳೊಳಗೆ ಅಕ್ಷರಕ್ರಮ, ಮಾಸ್ತಿಯವರ ತಾರೀಖು 06 ಎಂದು, ಡಿ.ವಿ.ಜಿ.ಯವರದು 17 ಎಂದು, ಬೇಂದ್ರೆಯವರದು 31 ಎಂದು ಆರಂಭವಾಗುವುದರಿಂದ ಆ ಕ್ರಮ. ದಿನ, ತಿಂಗಳು, ವರ್ಷಗಳನ್ನು ಮೂರು ಕಾಲಮ್ಮುಗಳಲ್ಲಿ ಬಿಡಿಬಿಡಿಯಾಗಿ ಬರೆದ ಮೇಲೆ ಹಿರಿಯರೆಲ್ಲ ತಮ್ಮತಮ್ಮ ಪೀಠಗಳಿಗೆ ಮರಳಿದರು.

ಈ ಪಟ್ಟಿಯಲ್ಲಿ ಒಂದು ಸಣ್ಣ ಗುರುತನ್ನು ನಾವು ಗಮನಿಸಿದ್ದೆವು, ಅದು ಮುಂದೆ ಉಪಕಾರಕ್ಕೆ ಬಂದಿತು. ಕಾರಂತರ ತಾರೀಖು ಚೌಕದ ಬಲ ಅಂಚಿಗೆ ಅಂಟಿಕೊಂಡಿತ್ತು. ಮಾಸ್ತಿಯವರದು ಎಡ ಅಂಚಿಗೆ. ಯಾರೂ ಕೈ ಹಾಕದೆ ಬಿಟ್ಟರೆ ಎಕ್ಸೆಲ್ ಸಂಖ್ಯೆಯನ್ನು ಬಲಕ್ಕೂ ಬರಹವನ್ನು ಎಡಕ್ಕೂ ನಿಲ್ಲಿಸುತ್ತದೆ. ತಾನು ಏನೆಂದು ತಿಳಿದುಕೊಂಡಿದ್ದೇನೆ ಎಂಬುದನ್ನು ಅದು ಬಾಯಿಬಿಟ್ಟು ಹೇಳದೆ ಹೀಗೆ ಸೂಚಿಸುತ್ತದೆ. ದುರದೃಷ್ಟಕ್ಕೆ ನಮ್ಮ ಕಚೇರಿಗಳಲ್ಲಿ ಪಟ್ಟಿಯನ್ನು ಅಂದಗಾಣಿಸುವ ಉತ್ಸಾಹಿಗಳು ಬಹಳ. ಅವರು ಮೊದಲು ಮಾಡುವ ಕೆಲಸವೆಂದರೆ ಎಲ್ಲವನ್ನೂ ಚೌಕದ ನಡುವಿಗೆ ತಂದು ನಿಲ್ಲಿಸುವುದು. ಅಲ್ಲಿಗೆ ಆ ಒಂದು ಸುಳಿವೂ ಅಳಿಯಿತು. ಎರಡು ಮೂರು ಚೌಕಗಳನ್ನು ಬೆಸೆದು ಒಂದು ಮಾಡುವವರ ಬಗ್ಗೆ ನಾವು ಇಲ್ಲಿ ಏನೂ ಹೇಳುವುದಿಲ್ಲ. ಕೋಪ ಬರುತ್ತದೆ.

ಹೈದರಾಬಾದಿನಲ್ಲಿ ಮನೆ ಮಾಡಿದವರಿಗೆ ಇಲ್ಲಿಯ ಮನೆ ಸಂಖ್ಯೆಗಳ ಸ್ವರೂಪ ತಿಳಿದೇ ಇದೆ. ಮೂರು ನಾಲ್ಕು ಅಂಕಿಗಳು, ನಡುವೆ ಅಡ್ಡಗೆರೆಗಳು. ನೌಕರರ ವಿಳಾಸಗಳನ್ನು ಒಮ್ಮೆ ಹಾಳೆಗೆ ಏರಿಸಿದಾಗ 3-6-10 ಎಂಬ ಮನೆ 2010ರ ಜೂನ್ 3 ಆಯಿತು. 3-6-512 ಎಂಬ ಪಕ್ಕದ ಬೀದಿಯ ಮನೆ ಮಾತ್ರ ಮನೆಯಾಗಿಯೇ ಉಳಿಯಿತು, ಏಕೆಂದರೆ 512ನ್ನು ವರ್ಷವೆಂದು ನಂಬಲು ಎಕ್ಸೆಲ್ಲಿಗೂ ಆಗಲಿಲ್ಲ. ತಾರೀಖಾದ ಮನೆಯನ್ನು ಮರಳಿ ಬರಹ ಮಾಡೋಣವೆಂದು ಫಾರ್ಮ್ಯಾಟ್ ಬದಲಾಯಿಸಿದರೆ ಬರುವುದು 40332 ಎಂಬ ಸಂಖ್ಯೆ. ಹೊರಗಿನ ವೇಷದಲ್ಲಿ ಆದ ತೊಂದರೆ ಇದಲ್ಲ. ತುಂಬಿಸಿದ ಕ್ಷಣದಲ್ಲಿಯೇ ಒಳಗಿನ ಬೆಲೆ ಬದಲಾಗಿಹೋಗಿದೆ. ಮೂಲದಲ್ಲಿ ಅಡ್ಡಗೆರೆಯಿತ್ತೋ ಇಲ್ಲವೋ ಎಂಬುದೂ ಅದಕ್ಕೆ ನೆನಪಿಲ್ಲ. ಖಾತೆ ಸಂಖ್ಯೆಗಳ ಮೊದಲಲ್ಲಿರುವ ಸೊನ್ನೆಗಳು ಬಿದ್ದುಹೋಗುವುದು ಇದೇ ಬಗೆ. ಹನ್ನೆರಡು ಅಂಕಿಯ ಸಂಖ್ಯೆ 1.23 ಇ+11 ಎಂಬಂತೆ ವಿಕಾರವಾಗಿ ಕಂಡರೂ ಒಳಗೆ ಪೂರ್ತಿಯಾಗಿ ಇರುತ್ತದೆ. ಹದಿನೈದು ಅಂಕಿಗಳನ್ನು ಮೀರಿದರೆ ಮಾತ್ರ ಹದಿನಾರನೆಯದರಿಂದ ಮುಂದಿನವೆಲ್ಲ ಸೊನ್ನೆಗಳಾಗುತ್ತವೆ, ಮತ್ತೆ ಬರುವುದಿಲ್ಲ. ಇವೆಲ್ಲಕ್ಕೂ ಮದ್ದು ಒಂದೇ, ಅದೂ ರೋಗಕ್ಕೆ ಮುಂಚೆ ಕೊಡಬೇಕಾದದ್ದು. ತುಂಬಿಸುವ ಮೊದಲೇ ಕಾಲಮ್ಮನ್ನು ಬರಹವೆಂದು, ಅಂದರೆ ಟೆಕ್ಸ್ಟ್ ಎಂದು, ಗುರುತುಮಾಡಿ ಇಡುವುದು. ಮನುಷ್ಯರ ವಂಶವಾಹಿಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿ ಕೂಡ ಈ ರೋಗಕ್ಕೆ ಸೋತು 2020ರಲ್ಲಿ ‘ಸೆಪ್ಟ್ 1’ ಎಂಬ ವಂಶವಾಹಿಯನ್ನು ‘ಸೆಪ್ಟಿನ್ 1’ ಎಂದು ಕರೆಯಬೇಕಾಯಿತು. ಎಕ್ಸೆಲ್ ಅದನ್ನು ಸೆಪ್ಟೆಂಬರ್ ಒಂದನೆಯ ತಾರೀಖು ಮಾಡುತ್ತಿತ್ತು. 2023ರಲ್ಲಿ ಇಂಥ ಸ್ವಯಂಚಾಲಿತ ಬದಲಾವಣೆಗಳಲ್ಲಿ ಕೆಲವನ್ನು ನಿಲ್ಲಿಸಿಕೊಳ್ಳುವ ಅವಕಾಶವನ್ನು ಆಯ್ಕೆಗಳ ಪಟ್ಟಿಯಲ್ಲಿ ಕೊಟ್ಟಿದ್ದಾರೆ. ವಂಶವಾಹಿಗಳ ಹೆಸರು ಬದಲಾಗಿ ಆಗ ಮೂರು ವರ್ಷ ಕಳೆದಿತ್ತು.

ಅದೇ 2023ರ ಕೊನೆಯ ತಿಂಗಳುಗಳಲ್ಲಿ ಮುಂದಿನ ವರ್ಷ ನಿವೃತ್ತರಾಗುವವರ ಪಟ್ಟಿಯೊಂದು ಇನ್ನೊಂದು ಊರಿನ ಕಚೇರಿಯಿಂದ ನಮಗೆ ಬಂದಿತು. ಅರವತ್ತೆರಡು ಹೆಸರುಗಳು, ಎಲ್ಲರೂ 1964ರಲ್ಲಿ ಹುಟ್ಟಿದವರು. ಹೆಸರು, ಹುದ್ದೆ, ಹುಟ್ಟಿದ ತಾರೀಖು, ನಿವೃತ್ತಿಯ ತಾರೀಖು. ಕಾಲಮ್ಮುಗಳಿಗೆ ತಿಳಿನೀಲಿ ಬಣ್ಣ, ಪ್ರತಿಯೊಂದೂ ನಡುವೆ ನಿಂತ ಅಂಕಿಗಳು, ಬಹಳ ಅಂದವಾದ ಪಟ್ಟಿ. ಕ್ರಮದಂತೆ ಅದರ ಪ್ರತಿ ಸೂಚನಾ ಫಲಕಕ್ಕೆ ಹೋಯಿತು.

ಕೇಂದ್ರ ಸರಕಾರದ ಬಹುಪಾಲು ನೌಕರರು ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ತಿಂಗಳ ಒಂದನೆಯ ತಾರೀಖಿನಂದು ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು. ಈ ಒಂದನೆಯ ತಾರೀಖಿನವರು ನಮ್ಮ ಕಡೆ ಎಷ್ಟು ಮಂದಿ ಎಂಬುದು ಓದುಗರಿಗೆ ಗೊತ್ತಿರುತ್ತದೆ. ಹಿಂದಿನ ತಲೆಮಾರಿನಲ್ಲಿ ಹಳ್ಳಿಯ ಮಗುವನ್ನು ಶಾಲೆಗೆ ಸೇರಿಸಲು ಕರೆತಂದಾಗ ಮೇಷ್ಟ್ರು ಅದರ ಎತ್ತರ ನೋಡಿ ವರ್ಷ ಊಹಿಸಿ, ಶಾಲೆ ತೆರೆಯುವ ಕಾಲವಾದ್ದರಿಂದ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ಕಚೇರಿಯಲ್ಲಿ ಕಡತ ಹೊರುವ, ಚಹಾ ತರುವ, ಬೀಗ ತೆಗೆಯುವ ಕೆಲಸದಲ್ಲಿದ್ದ ಬೀದರ್ ಜಿಲ್ಲೆಯ ಒಬ್ಬರು ಅಂಥ ಜೂನ್ ಒಂದರ ಮಗು. ಅವರು 2024ರ ಮೇ 31ರಂದು ನಿವೃತ್ತರಾಗಬೇಕಾಗಿತ್ತು. ಪಟ್ಟಿಯಲ್ಲಿ ಜನವರಿ 31 ಎಂದಿತ್ತು.

ಅವರು ಜಗಳಕ್ಕೆ ಬರಲಿಲ್ಲ. ಒಂದು ವಾರ ಸುಮ್ಮನಿದ್ದು, ಆಮೇಲೆ ಪಿಂಚಣಿ ಅರ್ಜಿಯನ್ನು ಈಗಲೇ ತುಂಬಬೇಕೇ ಎಂದು ಕೇಳಲು ಬಂದರು. ಮೇ ತಿಂಗಳಿದೆಯಲ್ಲ, ಅಷ್ಟು ಅವಸರವೇಕೆ ಎಂದೆವು. ಅವರು ಫಲಕದ ಕಡೆ ಕೈ ತೋರಿಸಿದರು. ಮಗಳ ಮದುವೆ ಏಪ್ರಿಲಿನಲ್ಲಿ ಗೊತ್ತಾಗಿತ್ತು. ಕ್ವಾರ್ಟರ್ಸಿನ ಅಂಗಳದಲ್ಲಿಯೇ ಚಪ್ಪರ ಹಾಕಿಸಬೇಕೆಂಬ ಆಸೆ. ನಾಲ್ಕು ತಿಂಗಳ ಸಂಬಳವನ್ನು ಲೆಕ್ಕ ಹಾಕಿ ಮಾತು ಕೊಟ್ಟಿದ್ದರು. ಹಾಗಿದ್ದೂ ಏಕೆ ಕೇಳಲಿಲ್ಲ ಎಂದರೆ, ತಗ್ಗಿದ ಧ್ವನಿಯಲ್ಲಿ ಹೇಳಿದರು: “ನಾ ಹುಟ್ಟಿದ್ದು ಎಳ್ಳ ಅಮಾಸಿ ಮುಂದ ಅಂತ ನಮ್ಮವ್ವ ಅಂತಿದ್ಳ್ರಿ. ಜೂನ್ ಅಂತ ಬರ್ಕೊಂಡಿದ್ದು ಮಾಸ್ತರ್ರು. ಸರಕಾರದವ್ರಿಗಿ ಖರೇ ಗೊತ್ತಾಗ್ಯಾದ ಅಂತ ತಿಳದೆ.”

ಎಳ್ಳಮಾವಾಸ್ಯೆ ಬರುವುದು ಡಿಸೆಂಬರ್ ಕೊನೆಗೆ, ಇಲ್ಲವೆ ಜನವರಿಯಲ್ಲಿ. ಪಟ್ಟಿಯಲ್ಲಿ ಅವರ ಹುಟ್ಟಿದ ದಿನ 06-01-1964. ಕಂಪ್ಯೂಟರಿನಿಂದ ಬಂದ ಕಾಗದ ತನ್ನ ತಾಯಿಯ ಮಾತನ್ನು ಎಲ್ಲಿಂದಲೋ ಕೇಳಿಸಿಕೊಂಡಿದೆ, ಅರವತ್ತು ವರ್ಷದ ಸುಳ್ಳು ಹೊರಬಿದ್ದಿದೆ, ಇನ್ನು ಬಾಯಿ ತೆರೆದರೆ ಇದ್ದ ಪಿಂಚಣಿಗೂ ಸಂಚಕಾರ ಎಂಬುದು ಅವರ ಭಯ. ನಾವು ಅವರನ್ನು ಕೂರಿಸಿ ಸೇವಾ ಪುಸ್ತಕವನ್ನು ತೆಗೆಸಿದೆವು. ಮೊದಲ ಪುಟದಲ್ಲಿ ಮಾಸಿದ ನೀಲಿ ಶಾಯಿಯಲ್ಲಿ ಹುಟ್ಟಿದ ದಿನವನ್ನು ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆದಿತ್ತು. ಅಕ್ಷರದಲ್ಲಿದ್ದುದು ಜೂನ್ ತಿಂಗಳ ಮೊದಲನೆಯ ದಿನ. ಹಳೆಯ ಗುಮಾಸ್ತರ ಈ ಎರಡೆರಡು ಬಾರಿಯ ಬರವಣಿಗೆಯನ್ನು ನೋಡಿ ನಾವೇ ನಕ್ಕದ್ದುಂಟು. ಅಂಕಿಗೆ ಸಂದೇಹ ಬಂದರೆ ಅಕ್ಷರ ಸಾಕ್ಷಿ ಹೇಳುತ್ತದೆ. ಎಕ್ಸೆಲ್ಲಿನ ಚೌಕದಲ್ಲಿ ಆ ಎರಡನೆಯ ಸಾಕ್ಷಿಗೆ ಜಾಗವಿಲ್ಲ.

ಅನಂತರ ಪಟ್ಟಿಯನ್ನು ತೆರೆದು ಅದರ ಅಲಂಕಾರವನ್ನು ಕಳಚಿದೆವು. ನಡುವೆ ನಿಲ್ಲಿಸಿದ್ದ ಕಟ್ಟನ್ನು ಬಿಡಿಸಿದೊಡನೆ ಹುಟ್ಟಿದ ತಾರೀಖುಗಳು ಎರಡು ಪಂಗಡವಾದವು. ಮೂವತ್ತೆಂಟು ಎಡಕ್ಕೆ, ಇಪ್ಪತ್ನಾಲ್ಕು ಬಲಕ್ಕೆ. ಎಡಕ್ಕೆ ಹೋದವೆಲ್ಲ ಹದಿಮೂರನೆಯ ತಾರೀಖು ಅಥವಾ ಅದಕ್ಕಿಂತ ಮುಂದಿನವು. ಬಲಕ್ಕೆ ನಿಂತ ಇಪ್ಪತ್ನಾಲ್ಕರಲ್ಲಿ ಒಂದರಲ್ಲಿಯೂ ದಿನ ಹನ್ನೆರಡನ್ನು ದಾಟಿರಲಿಲ್ಲ. ಸಸ್ಯಶಾಸ್ತ್ರದವರು ಕೂಡಲೆ ಹೇಳಿದರು, ಪ್ರಕೃತಿಯಲ್ಲಿ ಹೀಗೆ ಬೆಳೆಯುವುದಿಲ್ಲ ಎಂದು.

ಮೂಲ ಪಟ್ಟಿಯನ್ನು ತುಂಬಿಸಿದ ಕಂಪ್ಯೂಟರು ಅಮೆರಿಕದ ಪದ್ಧತಿಗೆ ಹೊಂದಿಸಿದ್ದು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 25/04/1964 ಎಂದು ಬರೆದರೆ ಇಪ್ಪತ್ತೈದನೆಯ ತಿಂಗಳು ಇಲ್ಲವಾದ್ದರಿಂದ ಎಕ್ಸೆಲ್ ಅದನ್ನು ಬರಹವೆಂದು ಎಡಕ್ಕೆ ಇಟ್ಟಿತು. 01/06/1964 ಎಂದು ಬರೆದರೆ ಸಂತೋಷದಿಂದ ಜನವರಿ 6 ಎಂದು ಓದಿಕೊಂಡು ಬಲಕ್ಕೆ ಇಟ್ಟಿತು. ಒಳಗೆ 23529 ಇರಬೇಕಾದಲ್ಲಿ 23382 ಸೇರಿತು. ನೂರ ನಲವತ್ತೇಳು ದಿನಗಳು ಹೋದವು. ನಿವೃತ್ತಿಯ ದಿನ ಕಂಡುಹಿಡಿಯುವ ಸೂತ್ರ ಎಡಗಡೆಯವರ ಎದುರಿನಲ್ಲಿ ದೋಷವೆಂದು ಕೂಗಿಕೊಂಡಿತು. ಕೂಗಿದ ಕಡೆಯೆಲ್ಲ ಯಾರೋ ಶ್ರದ್ಧೆಯಿಂದ ಕೈಯಿಂದಲೇ ಸರಿಯಾದ ತಾರೀಖು ತುಂಬಿದ್ದರು. ಬಲಗಡೆಯವರ ಎದುರಿನಲ್ಲಿ ಸೂತ್ರ ಕೂಗಲಿಲ್ಲ, ಯಾರೂ ನೋಡಲಿಲ್ಲ. ಅವರಲ್ಲಿ ಇಬ್ಬರಿಗೆ ದಿನವೂ ತಿಂಗಳೂ ಒಂದೇ ಅಂಕಿ, ಅವರು ಪಾರು. ಉಳಿದ ಇಪ್ಪತ್ತೆರಡು ಮಂದಿಯ ನಿವೃತ್ತಿಯ ದಿನಗಳು ತಪ್ಪಾಗಿದ್ದವು. ಫೆಬ್ರುವರಿ 3ರಂದು ಹುಟ್ಟಿದವರೊಬ್ಬರಿಗೆ ಮಾರ್ಚ್ ಕೊನೆಯವರೆಗೆ ಕೆಲಸವಿತ್ತು. ಅವರು ಆ ತಿಂಗಳು ದುಡಿದು ಸಂಬಳವನ್ನು ಮರಳಿ ಕಟ್ಟಬೇಕಾದ ಸ್ಥಿತಿ. ದಾಖಲೆಯಲ್ಲಿ ಡಿಸೆಂಬರ್ 2 ಇದ್ದ ಮಹಿಳೆಯೊಬ್ಬರು ಹಾಳೆಯಲ್ಲಿ ಫೆಬ್ರುವರಿ 12 ಆಗಿ ಹತ್ತು ತಿಂಗಳು ಕಳೆದುಕೊಂಡಿದ್ದರು. ಅವರು ಪಟ್ಟಿಯನ್ನೇ ನೋಡಿರಲಿಲ್ಲ.

ಪಟ್ಟಿ ಕಳುಹಿಸಿದವರಿಗೆ ದೂರವಾಣಿ ಮಾಡಿದಾಗ ಬಂದ ಉತ್ತರ ಇಂಥ ಸಂದರ್ಭಗಳಲ್ಲಿ ಯಾವಾಗಲೂ ಬರುವಂಥದೇ: “ನಮ್ಮ ಕಡೆ ಸರಿಯಾಗಿಯೇ ಕಾಣುತ್ತಿದೆ.” ಅವರು ಸುಳ್ಳು ಹೇಳುತ್ತಿರಲಿಲ್ಲ. ಜನವರಿ 6ನ್ನು ಅಮೆರಿಕದ ವೇಷದಲ್ಲಿ ತೋರಿಸಿದರೆ 1/6/1964 ಎಂದೇ ಕಾಣುತ್ತದೆ; ಭಾರತೀಯನ ಕಣ್ಣು ಅದನ್ನು ಜೂನ್ 1 ಎಂದು ಓದಿ ತೃಪ್ತಿಪಡುತ್ತದೆ. ನಮ್ಮ ಕಂಪ್ಯೂಟರು ಭಾರತದ ಪದ್ಧತಿಯದಾದ್ದರಿಂದ ಇಲ್ಲಿ 06-01 ಎಂದು ತಿರುಗಿ ಕಂಡಿತು. ತಿಂಗಳನ್ನು ಹೆಸರಿನಲ್ಲಿ ತೋರಿಸುವ ಫಾರ್ಮ್ಯಾಟನ್ನು ಆ ಚೌಕಕ್ಕೆ ಹಾಕಿ ನೋಡಿ ಎಂದು ಕೇಳಿಕೊಂಡೆವು. ಆಚೆ ಕಡೆ ಕೀಲಿಗಳ ಸದ್ದು, ಆಮೇಲೆ ಸ್ವಲ್ಪ ಮೌನ. “ಜನವರಿ” ಎಂದರು.

ಇಂಥ ಹಾಳೆಯನ್ನು ಫಾರ್ಮ್ಯಾಟ್ ಬದಲಾಯಿಸಿ ಸರಿಮಾಡುತ್ತೇನೆನ್ನುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಡಕ್ಕೆ ನಿಂತ ಬರಹ ಯಾವ ವೇಷಕ್ಕೂ ಬಗ್ಗದು. ಬಲಕ್ಕೆ ನಿಂತ ತಪ್ಪು ಇನ್ನಷ್ಟು ಅಂದವಾದ ತಪ್ಪಾಗುತ್ತದೆ. ಬರಹಗಳನ್ನು ಟೆಕ್ಸ್ಟ್ ಟು ಕಾಲಮ್ಸ್ ಎಂಬ ಸಲಕರಣೆಯಿಂದ, ದಿನ ಮೊದಲು ತಿಂಗಳು ಆಮೇಲೆ ಎಂದು ತಿಳಿಸಿ, ನಿಜವಾದ ತಾರೀಖುಗಳಾಗಿ ಮಾಡಬೇಕು. ತಿರುಗಿಹೋದವುಗಳಿಂದ ವರ್ಷ, ದಿನ, ತಿಂಗಳನ್ನು ಬೇರೆಬೇರೆಯಾಗಿ ತೆಗೆದು, ದಿನವನ್ನು ತಿಂಗಳ ಜಾಗದಲ್ಲಿಯೂ ತಿಂಗಳನ್ನು ದಿನದ ಜಾಗದಲ್ಲಿಯೂ ಕೂರಿಸಿ ಡೇಟ್ ಸೂತ್ರದಿಂದ ಹೊಸದಾಗಿ ಕಟ್ಟಬೇಕು. ಎಲ್ಲಕ್ಕಿಂತ ಮೊದಲು ಕಂಪ್ಯೂಟರಿನ ಪ್ರಾದೇಶಿಕ ಹೊಂದಾಣಿಕೆಯಲ್ಲಿ ಭಾರತವನ್ನು ಆರಿಸಿಕೊಳ್ಳಬೇಕು. ತಾರೀಖಿನ ಜೊತೆಗೆ ಲಕ್ಷ, ಕೋಟಿಗಳ ಅಲ್ಪವಿರಾಮಗಳೂ ತಮ್ಮ ಜಾಗಕ್ಕೆ ಬರುತ್ತವೆ. ಇದೆಲ್ಲ ಅರ್ಧ ಗಂಟೆಯ ಕೆಲಸ. ಆದರೆ ನಮಗೆ ಮೂರು ದಿನ ಹಿಡಿಯಿತು, ಏಕೆಂದರೆ ಅರವತ್ತೆರಡು ಸೇವಾ ಪುಸ್ತಕಗಳ ಮೊದಲ ಪುಟವನ್ನು ಒಬ್ಬರು ಓದುತ್ತ, ಒಬ್ಬರು ಹಾಳೆಯಲ್ಲಿ ನೋಡುತ್ತ, ಇನ್ನೊಬ್ಬರು ಗುರುತು ಹಾಕುತ್ತ ಕುಳಿತೆವು. ಬೇರೆ ಕಡೆಗಳಲ್ಲಿದ್ದ ಪುಸ್ತಕಗಳ ಪುಟಗಳನ್ನು ಚಿತ್ರ ತೆಗೆಸಿ ತರಿಸಿಕೊಂಡೆವು. ಚಹಾ ತಂದುಕೊಟ್ಟವರು ಯಾರೆಂದು ಹೇಳಬೇಕಾಗಿಲ್ಲ.

ಡಿಸೆಂಬರಿನಲ್ಲಿ ಪರಿಷ್ಕೃತ ಪಟ್ಟಿ ಬಂದಿತು. ಹಿಂದಿನದರ ಬದಲಿಗೆ ಇದನ್ನು ಓದಿಕೊಳ್ಳತಕ್ಕದ್ದು ಎಂಬ ಒಂದು ಸಾಲು ಬಿಟ್ಟರೆ ಬೇರೆ ಮಾತಿರಲಿಲ್ಲ, ಇರುವುದೂ ಇಲ್ಲ. ಬೀದರಿನವರು ಫಲಕದ ಮುಂದೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ಒಳಗೆ ಬಂದು, ಅವ್ವ ಹೇಳಿದ್ದನ್ನು ನಾವು ಎಲ್ಲಿಯಾದರೂ ಬರೆದುಕೊಂಡಿದ್ದೇವೆಯೇ ಎಂದು ಕೇಳಿದರು. ಇಲ್ಲ, ಸೇವಾ ಪುಸ್ತಕದಲ್ಲಿ ಮೇಷ್ಟ್ರ ತಾರೀಖೇ ಇದೆ, ಅದೇ ಇರುತ್ತದೆ ಎಂದೆವು. ಏಪ್ರಿಲಿನಲ್ಲಿ ಕ್ವಾರ್ಟರ್ಸಿನ ಅಂಗಳದಲ್ಲಿ ಮದುವೆಯಾಯಿತು. ನಾವು ಮೂವರೂ ಹೋಗಿ ಊಟ ಮಾಡಿ ಬಂದೆವು. ಮೇ 31, ಶುಕ್ರವಾರ, ಹಾರ ಹಾಕಿ ಬೀಳ್ಕೊಟ್ಟೆವು.

ಆ ವರ್ಷದ ಕೊನೆಗೆ ಮುಂದಿನವರ ಪಟ್ಟಿ ಬಂದಿತು. ತಿಳಿನೀಲಿಯ ಬದಲು ತಿಳಿಹಸಿರು, ತಾರೀಖುಗಳೆಲ್ಲ ಮತ್ತೆ ನಡುವೆ. ಕಟ್ಟು ಬಿಡಿಸಿದಾಗ ಎಲ್ಲವೂ ಬಲಕ್ಕೆ ಹೋದವು, ಹದಿನಾಲ್ಕನೆಯ ಮತ್ತು ಇಪ್ಪತ್ತೆಂಟನೆಯ ತಾರೀಖುಗಳೂ ಅವುಗಳೊಂದಿಗೆ ಇದ್ದವು. ಸೇವಾ ಪುಸ್ತಕಗಳನ್ನು ಆದರೂ ತರಿಸಿಕೊಂಡೆವು.